ಫೈಬರ್ ಇರುವ ಊರಿಗೇ ಮತ್ತೆ ಕಂಬ ಯಾಕೆ? ಬ್ರಿಟನ್ನಿನ ಬೀದಿ ಜಗಳದ ಒಳಸುಳಿ

ಕೆಲವು ವರ್ಷಗಳಿಂದ ಬ್ರಿಟನ್ನಿನಿಂದ ಒಂದು ವಿಚಿತ್ರ ಸುದ್ದಿ ಬರುತ್ತಲೇ ಇದೆ. ಬ್ರಾಡ್‌ಬ್ಯಾಂಡ್ ಕಂಪನಿಯವರು ಲಾರಿಯಲ್ಲಿ ಮರದ ಕಂಬ ಹೇರಿಕೊಂಡು ಬರುತ್ತಾರೆ. ಫುಟ್‌ಪಾತ್ ಮೇಲೆ ಬಣ್ಣದಲ್ಲಿ ಗುರುತು ಹಾಕಿದ ಜಾಗದಲ್ಲಿ ಬೀದಿಯ ಜನ ಬಂದು ನಿಂತುಬಿಡುತ್ತಾರೆ. ಕಿಟಕಿಗಳಲ್ಲಿ ‘ಕಂಬ ಬೇಡ’ ಎನ್ನುವ ಭಿತ್ತಿಪತ್ರ. ಸಂಸತ್ತಿನಲ್ಲಿ ಪ್ರಶ್ನೆ, ಸಚಿವರಿಂದ ಕಂಪನಿಗಳಿಗೆ ಪತ್ರ.

ದೂರದಿಂದ ನೋಡಿದರೆ ಇದೇನು ಹುಚ್ಚು ಅನ್ನಿಸುತ್ತದೆ. ವೇಗದ ಇಂಟರ್ನೆಟ್ ಬೇಡ ಎಂದು ಯಾರಾದರೂ ಜಗಳ ಆಡುತ್ತಾರಾ? ಇನ್ನೂ ಗೊಂದಲದ ಸಂಗತಿ ಎಂದರೆ, ಗಲಾಟೆ ತುಂಬಾ ಜೋರಾಗಿರುವ ಊರುಗಳಲ್ಲಿ ಮೊದಲನೆಯದು ಹಲ್. ಇಂಗ್ಲೆಂಡಿನ ಪೂರ್ವ ಕರಾವಳಿ ಕಡೆಯ ಈ ನಗರಕ್ಕೆ ಫೈಬರ್ ಹೊಸದೇನಲ್ಲ. ದೇಶದ ಉಳಿದ ಊರುಗಳು ತಾಮ್ರದ ತಂತಿಯಲ್ಲೇ ಒದ್ದಾಡುತ್ತಿದ್ದಾಗ, 2019ರಲ್ಲೇ ಇಲ್ಲಿ ಮನೆ ಮನೆಗೂ ಫೈಬರ್ ಹಾಕಿ ಮುಗಿದಿತ್ತು. ಹಾಗಾದರೆ ಇನ್ನೊಂದು ಸುತ್ತು ಕಂಬ ಯಾಕೆ? ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆ, ಯಾಕೆ ತಡೆಯುತ್ತಿಲ್ಲ? ಇದಕ್ಕೆ ಉತ್ತರ ಹುಡುಕಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಒಂಟಿಯಾಗಿ ಉಳಿದ ಊರು

20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಕೆಲವು ನಗರಸಭೆಗಳು ತಮ್ಮದೇ ಟೆಲಿಫೋನ್ ವ್ಯವಸ್ಥೆ ನಡೆಸಲು ಪರವಾನಗಿ ಪಡೆದವು. ಹಲ್ ನಗರಸಭೆಗೆ ಅದು ಸಿಕ್ಕಿದ್ದು 1902ರಲ್ಲಿ, ಸೇವೆ ಶುರುವಾದದ್ದು 1904ರಲ್ಲಿ. ಉಳಿದ ಊರುಗಳು ಒಂದೊಂದಾಗಿ ಕೈಬಿಟ್ಟವು, ದೇಶದ ಟೆಲಿಫೋನ್ ಎಲ್ಲ ಅಂಚೆ ಇಲಾಖೆಯ ಪಾಲಾಯಿತು. ಹಲ್ ಮಾತ್ರ ಬಿಡಲಿಲ್ಲ. 1914ರಲ್ಲಿ ಊರಿನ ಉಳಿದ ಟೆಲಿಫೋನ್ ಜಾಲವನ್ನೂ ಹಣ ಕೊಟ್ಟು ಕೊಂಡುಕೊಂಡಿತು. ಬ್ರಿಟನ್ ಎಂದರೆ ಕೆಂಪು ಟೆಲಿಫೋನ್ ಡಬ್ಬಿ ಅಂತ ನಮಗೆಲ್ಲ ಗೊತ್ತು. ಹಲ್‌ನಲ್ಲಿ ಅದರ ಬಣ್ಣ ಕೆನೆ ಬಿಳಿ, ಮೇಲೆ ರಾಜಮುದ್ರೆಯ ಕಿರೀಟವೂ ಇಲ್ಲ.

ಆ ನಗರಸಭೆ ಟೆಲಿಫೋನೇ ಮುಂದೆ ಕೆಕಾಮ್ ಎಂಬ ಕಂಪನಿಯಾಯಿತು. 1999ರಲ್ಲಿ ಷೇರುಪೇಟೆಗೆ ಬಂತು, 2007ರಲ್ಲಿ ಕೌನ್ಸಿಲ್ ತನ್ನ ಉಳಿದ ಪಾಲನ್ನೂ ಮಾರಿತು, 2019ರಲ್ಲಿ ಮ್ಯಾಕ್ವಾರಿ ಎಂಬ ಹೂಡಿಕೆ ಸಂಸ್ಥೆಯ ನಿಧಿಯೊಂದು ಇಡೀ ಕಂಪನಿಯನ್ನು ಖರೀದಿಸಿತು. ಊರಿನವರ ಸ್ವತ್ತಾಗಿದ್ದದ್ದು ಹೀಗೆ ಖಾಸಗಿಯಾಯಿತು. ಆದರೆ ಒಂದು ವಿಷಯ ಬದಲಾಗಲಿಲ್ಲ. ದೇಶದ ಉಳಿದೆಡೆ ಇರುವ ಬಿಟಿ ಕಂಪನಿಯ ಜಾಲ ಇಲ್ಲಿನ ಮನೆಗಳಿಗೆ ಬರಲೇ ಇಲ್ಲ.

ಇದರಿಂದ ಲಾಭವೂ ಇತ್ತು, ನಷ್ಟವೂ ಇತ್ತು. ಊರು ಚಿಕ್ಕದು, ಕಂಪನಿ ಒಂದೇ. ಹಾಗಾಗಿ 2012ರಲ್ಲಿ ಶುರುವಾದ ಫೈಬರ್ ಕೆಲಸ ಏಳೆಂಟು ವರ್ಷದಲ್ಲಿ ಮುಗಿಯಿತು. ಆದರೆ ಕಂಪನಿ ಒಂದೇ ಆದ್ದರಿಂದ ಗ್ರಾಹಕರಿಗೆ ಆಯ್ಕೆಯೂ ಒಂದೇ. ಬೇರೆ ಊರಿನವರು ಬೆಲೆ ಹೋಲಿಸಿ ಕಂಪನಿ ಬದಲಿಸುತ್ತಿದ್ದರೆ, ಹಲ್‌ನವರು ಬಿಲ್ ನೋಡಿ ಸುಮ್ನಿರಬೇಕಿತ್ತು.

ಈ ಜಾಗಕ್ಕೆ ಎಂಎಸ್3, ಕನೆಕ್ಸಿನ್ ಮುಂತಾದ ಹೊಸ ಕಂಪನಿಗಳು ಕಾಲಿಟ್ಟವು. ಎರಡನೆಯ, ಮೂರನೆಯ ಫೈಬರ್ ಜಾಲ ಕಟ್ಟಲು ಹೊರಟವು. ಜಾಲ ಕಟ್ಟಬೇಕಾದರೆ ತಂತಿ ಹಾಯಿಸಲು ದಾರಿ ಬೇಕು. ಕೆಕಾಮ್‌ನ ದಾರಿ ಆಗ ಅವರಿಗೆ ಸಿಗಲಿಲ್ಲ. ಹೊಸ ಕಂಬ ನೆಡುವುದು ಶುರುವಾಯಿತು.

ಕಂಬವನ್ನು ಹತ್ತಿರದಿಂದ ನೋಡಿದರೆ

ಬ್ರಿಟನ್ನಿನ ಟೆಲಿಫೋನ್ ಕಂಬ ಸಾಮಾನ್ಯವಾಗಿ ಮರದ್ದು. ಒಂಬತ್ತು ಹತ್ತು ಮೀಟರ್ ಉದ್ದ, ಹುಳ ಹಿಡಿಯದಂತೆ ಎಣ್ಣೆ ಕುಡಿಸಿ ಕಪ್ಪಾದ ಮೈ. ಹತ್ತಿರ ಹೋದರೆ ಮರದಲ್ಲಿ ಕೊರೆದ ಅಕ್ಷರಗಳು ಕಾಣುತ್ತವೆ: ಕಂಬದ ಉದ್ದ, ದಪ್ಪದ ವರ್ಗ, ವರ್ಷ. ಈ ಗುರುತನ್ನು ಬುಡದಿಂದ ಸರಿಯಾಗಿ 3 ಮೀಟರ್ ಎತ್ತರದಲ್ಲಿ ಕೊರೆದಿರುತ್ತಾರೆ. ನೆಟ್ಟ ಮೇಲೆ ಅದು ನೆಲದಿಂದ ಎಷ್ಟು ಮೇಲಿದೆ ಎಂದು ಅಳೆದರೆ, ಕಂಬ ಎಷ್ಟು ಆಳಕ್ಕೆ ಇಳಿದಿದೆ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಬಿಟಿಯ ಜಾಲ ನೋಡಿಕೊಳ್ಳುವ ಓಪನ್‌ರೀಚ್ ಕಂಪನಿಯ ಹಳೇ ಕಂಬಗಳಲ್ಲಿ ಕೆಲವಕ್ಕೆ ‘ಡಿ’ ಎಂಬ ತಗಡು ಹೊಡೆದಿರುತ್ತಾರೆ. ಅಂದರೆ ಕಂಬ ದುರ್ಬಲ, ಹತ್ತಬೇಡಿ.

ತುದಿಯಲ್ಲಿ ಒಂದು ಚಿಕ್ಕ ಕಪ್ಪು ಡಬ್ಬಿ. ಅದರ ಗಾತ್ರ ನೋಡಿ 4, 8 ಅಥವಾ 12 ಮನೆಗಳಿಗೆ ಫೈಬರ್ ಎಳೆ ಕೊಡಬಹುದು. ಒಂದು ಬೀದಿಯಲ್ಲಿ ಐವತ್ತು ಮನೆ ಇದ್ದರೆ ಒಂದು ಕಂಬ ಸಾಲದು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಗಿರಾಕಿ ಹೆಚ್ಚಿದ ಹಾಗೆ ಕಂಬದಿಂದ ಮನೆ ಮನೆಗೆ ಹೊರಡುವ ತಂತಿಯೂ ಜಾಸ್ತಿಯಾಗುತ್ತದೆ. ನಿವಾಸಿಗಳು ‘ಒಂದು ಕಂಬ ತಾನೇ’ ಎಂಬ ಮಾತಿಗೆ ಸಿಟ್ಟಾಗುವುದು ಇದಕ್ಕೇ. ಮೊದಲ ದಿನ ಕಾಣುವುದು ಬರೀ ಕಂಬ. ತಂತಿ ಆಮೇಲೆ ಬರುತ್ತದೆ.

ಯಾರನ್ನೂ ಕೇಳದೆ ನೆಡಬಹುದಾ?

ಹೆಚ್ಚುಕಡಿಮೆ ಹೌದು. ಬ್ರಿಟನ್ನಿನಲ್ಲಿ ಮನೆಗೆ ದೊಡ್ಡದೊಂದು ಕೋಣೆ ಸೇರಿಸಲು ಹೊರಟರೂ ಕೌನ್ಸಿಲ್‌ನ ಯೋಜನಾ ಅನುಮತಿ ಬೇಕಾಗಬಹುದು, ಅಕ್ಕಪಕ್ಕದವರಿಗೆ ಆಕ್ಷೇಪ ಹೇಳಲು ಅವಕಾಶ ಇರುತ್ತದೆ. ಅದೇ ಮನೆಯ ಮುಂದೆ ಫುಟ್‌ಪಾತ್‌ನಲ್ಲಿ ಎರಡಂತಸ್ತಿನ ಎತ್ತರದ ಕಂಬ ನೆಡಲು ಅಂಥ ಅನುಮತಿ ಬೇಡ.

ಇದಕ್ಕೆ ಎರಡು ಕಾನೂನು ಜೊತೆಯಾಗಿ ಕೆಲಸ ಮಾಡುತ್ತವೆ. ಮೊದಲನೆಯದು ಎಲೆಕ್ಟ್ರಾನಿಕ್ ಸಂಪರ್ಕ ಸಂಹಿತೆ. ಈಗಿನ ರೂಪದಲ್ಲಿ ಇದು 2017ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಒಂದು ಕಂಪನಿಗೆ ಈ ಸಂಹಿತೆಯ ಅಧಿಕಾರ ಕೊಟ್ಟರೆ, ಅದು ಸಾರ್ವಜನಿಕ ರಸ್ತೆಯಲ್ಲಿ ತನ್ನ ಸಾಮಾನು ಹಾಕಬಹುದು. ಯಾರದೋ ಖಾಸಗಿ ಜಮೀನಿಗೆ ಇಳಿಯಬೇಕಾದರೆ ಒಪ್ಪಂದ ಬೇಕು. ಆದರೆ ಫುಟ್‌ಪಾತ್ ರಸ್ತೆಯ ಭಾಗ. ಮನೆಯವರು ಎಷ್ಟು ವರ್ಷ ಗುಡಿಸಿ ಒರೆಸಿದ್ದರೂ ಅದು ಅವರದ್ದಲ್ಲ.

ಎರಡನೆಯದು ಯೋಜನಾ ನಿಯಮ. ಇಂಗ್ಲೆಂಡಿನ 2015ರ ಆದೇಶದ ಪ್ರಕಾರ ಇಂಥ ಕಂಪನಿಗಳು 15 ಮೀಟರ್‌ವರೆಗಿನ ಕಂಬವನ್ನು ಅರ್ಜಿ ಹಾಕದೆ ನಿಲ್ಲಿಸಬಹುದು. ‘ಮೊದಲೇ ಒಪ್ಪಿಗೆ ಸಿಕ್ಕ ಕಾಮಗಾರಿ’ ಎಂಬ ಪಟ್ಟಿಯಲ್ಲಿ ಅದು ಸೇರಿದೆ. ಕಂಪನಿ ಮಾಡಬೇಕಾದದ್ದು ಇಷ್ಟೇ: ಕೌನ್ಸಿಲ್‌ಗೆ 28 ದಿನ ಮುಂಚೆ ನೋಟಿಸ್ ಕೊಡಬೇಕು. ಕೌನ್ಸಿಲ್ ಜಾಗದ ಬಗ್ಗೆ ಸಲಹೆ ಹೇಳಬಹುದು, ಷರತ್ತು ಸೂಚಿಸಬಹುದು. ಬೇಡ ಎನ್ನುವ ಅಧಿಕಾರ ಅದಕ್ಕಿಲ್ಲ.

ಬೀದಿಯವರಿಗೆ ಮೊದಲೇ ಹೇಳಲೇಬೇಕು ಎಂಬ ಕಡ್ಡಾಯವೂ ಕಾನೂನಿನಲ್ಲಿಲ್ಲ. ಹೇಳುವುದು ಒಳ್ಳೆಯದು ಎಂದು ಉದ್ಯಮದ ಆಚರಣಾ ಸಂಹಿತೆ ಹೇಳುತ್ತದೆ, ಅಷ್ಟೇ. ಕಾನೂನು ಕಡ್ಡಾಯ ಮಾಡಿರುವ ನೋಟಿಸ್ ಬರುವುದು ಕಂಬ ನೆಟ್ಟ ಮೇಲೆ! ನೆಟ್ಟ 3 ದಿನದೊಳಗೆ ಕಂಪನಿಯ ಹೆಸರು, ವಿಳಾಸ ಬರೆದ ಚೀಟಿಯನ್ನು ಕಂಬಕ್ಕೆ ಅಂಟಿಸಬೇಕು. ಅದನ್ನು ಓದಿದ ನೆರೆಯವರು ಆಮೇಲೆ ಆಕ್ಷೇಪ ಸಲ್ಲಿಸಬಹುದು. 3 ಮೀಟರ್‌ಗಿಂತ ಎತ್ತರದ ಸಾಮಾನಿಗೆ 12 ತಿಂಗಳ ಒಳಗೆ ಆಕ್ಷೇಪದ ನೋಟಿಸ್ ಕೊಟ್ಟು, ಕಂಪನಿ ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗುವ ದಾರಿ ಇದೆ. ತನ್ನ ಜಾಗದಲ್ಲಿ ನೆಮ್ಮದಿಯಿಂದ ಇರಲು ನಿಜವಾಗಿ ಅಡ್ಡಿಯಾಗಿದೆ ಎಂದು ಅಲ್ಲಿ ತೋರಿಸಬೇಕು. ಸೋತರೆ ಎದುರಿನವರ ವಕೀಲರ ಖರ್ಚೂ ತಲೆ ಮೇಲೆ ಬೀಳಬಹುದು. ಪಿಂಚಣಿ ಮೇಲೆ ಬದುಕುವವರು ಈ ದಾರಿ ಹಿಡಿಯುವುದು ಅಪರೂಪ.

ಇನ್ನೊಂದು ಅಂಶ ಬಹಳ ಜನಕ್ಕೆ ಗೊತ್ತಿಲ್ಲ. ಕಂಬದಿಂದ ಹೊರಟ ತಂತಿ ಪಕ್ಕದ ಮನೆಯ ತೋಟದ ಮೇಲೆ ಹಾದುಹೋಗಬಹುದು. ನೆಲದಿಂದ ಕನಿಷ್ಠ 3 ಮೀಟರ್ ಎತ್ತರ, ಕಟ್ಟಡದಿಂದ 2 ಮೀಟರ್ ದೂರ ಇದ್ದರೆ ಸಾಕು, ಆ ತೋಟದವರ ಅನುಮತಿ ಕೇಳಬೇಕಿಲ್ಲ. ಸೇವೆ ಪಡೆದವರು ಒಬ್ಬರು, ತಲೆ ಎತ್ತಿದಾಗಲೆಲ್ಲ ತಂತಿ ನೋಡುವವರು ಇನ್ನೊಬ್ಬರು.

ಇಷ್ಟು ಸಡಿಲ ಬಿಟ್ಟದ್ದು ಹೇಗೆ

ಈ ಸಡಿಲಿಕೆ ಯಾರೋ ಕಣ್ತಪ್ಪಿ ಮಾಡಿದ್ದಲ್ಲ. ಬ್ರಾಡ್‌ಬ್ಯಾಂಡ್ ವಿಷಯದಲ್ಲಿ ಯುರೋಪಿನ ಬೇರೆ ದೇಶಗಳಿಗಿಂತ ಹಿಂದೆ ಬಿದ್ದಿದ್ದೇವೆ ಎಂಬ ಆತಂಕ ಬ್ರಿಟನ್ ಸರ್ಕಾರಕ್ಕೆ ಮೊದಲಿಂದಲೂ ಇತ್ತು. ಕೌನ್ಸಿಲ್‌ಗಳ ಕಾಗದಪತ್ರದಿಂದಲೇ ಕೆಲಸ ನಿಧಾನವಾಗುತ್ತಿದೆ ಎಂದು ಕಂಪನಿಗಳು ದೂರಿದವು. 2012ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಈ ಅಡೆತಡೆ ತೆಗೆಯುತ್ತೇವೆ ಎಂದು ಘೋಷಿಸಿತು, 2013ರಲ್ಲಿ ನಿಯಮ ಬದಲಾಯಿತು. ಪಾರಂಪರಿಕ ವಲಯದಂಥ ಸೂಕ್ಷ್ಮ ಜಾಗಗಳಲ್ಲೂ ಬ್ರಾಡ್‌ಬ್ಯಾಂಡ್ ಪೆಟ್ಟಿಗೆ, ಕಂಬಗಳಿಗೆ ಮುಂಚಿತ ಒಪ್ಪಿಗೆ ಬೇಡವಾಯಿತು.

ಅದರ ಮೇಲೆ ಗುರಿಗಳ ಒತ್ತಡ. 2025ರೊಳಗೆ ಎಲ್ಲರಿಗೂ ಫೈಬರ್ ಎಂದು ಬೋರಿಸ್ ಜಾನ್ಸನ್ 2019ರಲ್ಲಿ ಮಾತು ಕೊಟ್ಟರು. ಅದು ಆಗದ ಮಾತು ಎಂದು ಬೇಗನೆ ಗೊತ್ತಾಗಿ, 2020ರ ಕೊನೆಯಲ್ಲಿ ಗುರಿಯನ್ನು 85 ಶೇಕಡಾ ಮನೆಗಳಿಗೆ ಗಿಗಾಬಿಟ್ ವೇಗ ಎಂದು ಇಳಿಸಿದರು. ಅಗ್ಗದ ಬಡ್ಡಿಯ ಕಾಲ ಅದು. ಹೂಡಿಕೆ ನಿಧಿಗಳ ಹಣ ಹರಿದು ಬಂತು. ಪರ್ಯಾಯ ಜಾಲ ಕಟ್ಟುವ ಸಣ್ಣ ದೊಡ್ಡ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ಯಾವ ಬೀದಿಗೆ ಯಾರು ಮೊದಲು ತಲುಪುತ್ತಾರೋ ಗಿರಾಕಿ ಅವರಿಗೆ ಎಂಬ ಓಟ ಶುರುವಾಯಿತು.

ಗುರಿಯ ಲೆಕ್ಕದಲ್ಲಿ ನೋಡಿದರೆ ಈ ನೀತಿ ಗೆದ್ದಿತು ಎಂದೇ ಹೇಳಬೇಕು. 2024ರ ಜುಲೈ ಹೊತ್ತಿಗೆ ದೇಶದ 69 ಶೇಕಡಾ ಮನೆಗಳಿಗೆ ಪೂರ್ಣ ಫೈಬರ್ ಲಭ್ಯವಿದೆ ಎಂದು ಆಫ್‌ಕಾಮ್ ವರದಿ ಹೇಳಿತು. ಆದರೆ ‘ಎಷ್ಟು ಮನೆ ತಲುಪಿದಿರಿ’ ಎಂದು ಕೇಳಿದ ಸರ್ಕಾರ ‘ಒಂದೇ ಬೀದಿಗೆ ಎಷ್ಟು ಸಲ ತಲುಪಿದಿರಿ’ ಎಂದು ಕೇಳಲಿಲ್ಲ.

ನೆಲ ಅಗೆದರೆ ಆಗದೇ?

ನಿವಾಸಿಗಳ ಮೊದಲ ಪ್ರಶ್ನೆ ಇದೇ. ನಮ್ಮ ಬೀದಿಯಲ್ಲಿ ಗ್ಯಾಸ್, ನೀರು, ಕರೆಂಟು, ಫೋನು ಎಲ್ಲ ನೆಲದಡಿ ಇದೆ, ನೀವೂ ಹಾಗೇ ಹಾಕಿ.

ಕಂಪನಿಗಳ ಉತ್ತರ ಹಣದಿಂದ ಶುರುವಾಗುತ್ತದೆ. ಫುಟ್‌ಪಾತ್ ಅಗೆದು, ಕೊಳವೆ ಹೂತು, ಮತ್ತೆ ಮುಚ್ಚಿ ಸರಿಮಾಡಲು ಕಂಬಕ್ಕಿಂತ ಹಲವು ಪಟ್ಟು ಖರ್ಚು. ಅದೂ ಈಗಾಗಲೇ ಒಂದು ಫೈಬರ್ ಇರುವ ಬೀದಿಯಲ್ಲಿ ಎರಡನೆಯವರಿಗೆ ಸಿಗುವ ಗಿರಾಕಿಗಳು ಕಡಿಮೆ. ಅಗೆದರೆ ಆ ಖರ್ಚು ವಾಪಸ್ ಬರುವುದೇ ಇಲ್ಲ. ಜೊತೆಗೆ ಹಣದ್ದಲ್ಲದ ಕಾರಣಗಳೂ ಇವೆ. ಇಕ್ಕಟ್ಟಾದ ಫುಟ್‌ಪಾತ್ ಅಡಿಯಲ್ಲಿ ಪೈಪುಗಳ ನಡುವೆ ಜಾಗವೇ ಇರುವುದಿಲ್ಲ. ಸಾಲುಮರಗಳ ಬೇರು ಕತ್ತರಿಸಿದರೆ ಅದು ಇನ್ನೊಂದು ಜಗಳ. ಅಗೆತ ಅಂದರೆ ವಾರಗಟ್ಟಲೆ ರಸ್ತೆ ಗಲಾಟೆ. ಕಂಬವಾದರೆ ಒಂದು ಬೆಳಗ್ಗೆ ಸಾಕು.

ಇಲ್ಲಿ ಕಂಪನಿಗಳ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. 1990ರ ದಶಕದಲ್ಲಿ ಕೇಬಲ್ ಟಿವಿ ಕಂಪನಿಗಳು ಬ್ರಿಟನ್ನಿನ ಫುಟ್‌ಪಾತ್‌ಗಳನ್ನು ಮೈಲಿಗಟ್ಟಲೆ ಅಗೆದವು. ಆಗಲೂ ಜನ ಬೈದರು. ಆ ಕಂಪನಿಗಳು ಸಾಲದಲ್ಲಿ ಮುಳುಗಿದವು, ದೊಡ್ಡದೊಂದಾಗಿದ್ದ ಎನ್‌ಟಿಎಲ್ 2002ರಲ್ಲಿ ದಿವಾಳಿ ರಕ್ಷಣೆ ಕೋರಿತು. ಕೊನೆಗೆ ಎಲ್ಲ ಸೇರಿ ವರ್ಜಿನ್ ಮೀಡಿಯಾ ಎಂಬ ಒಂದೇ ಹೆಸರಾಯಿತು. ನೆಲ ಅಗೆದು ಮನೆ ಮನೆಗೂ ಜಾಲ ಕಟ್ಟುವುದು ಎಷ್ಟು ದುಬಾರಿ ಎಂದು ಇಂದಿನ ಹೂಡಿಕೆದಾರರು ಕಲಿತದ್ದು ಅಲ್ಲಿಂದಲೇ.

‘ನಮ್ಮ ಬೀದಿಯ ಫೋನು ನೆಲದಡಿ ಇದೆ’ ಎನ್ನುವುದರಲ್ಲೂ ಒಂದು ತೊಡಕಿದೆ. 1960, 70ರ ದಶಕದ ಎಷ್ಟೋ ಬಡಾವಣೆಗಳಲ್ಲಿ ಫೋನ್ ತಂತಿಯನ್ನು ಕೊಳವೆಯಲ್ಲಿ ಹಾಯಿಸಲಿಲ್ಲ, ಸೀದಾ ಮಣ್ಣಿನಲ್ಲಿ ಹೂತುಬಿಟ್ಟರು. ಹಳೇ ತಂತಿ ಎಳೆದು ಹೊಸದು ತೂರಿಸಲು ಅಲ್ಲಿ ದಾರಿಯೇ ಇಲ್ಲ. ಇಂಥ ಬಡಾವಣೆಗಳಲ್ಲಿ ದೊಡ್ಡ ಕಂಪನಿ ಓಪನ್‌ರೀಚ್ ಕೂಡ ಹೊಸ ಕಂಬ ನೆಡುತ್ತದೆ. ನಲವತ್ತು ಐವತ್ತು ವರ್ಷ ಕಂಬವೇ ಇಲ್ಲದ ಬೀದಿಗೆ ಮೊದಲ ಕಂಬ ಬಂದಾಗ ಆಗುವ ಸಿಟ್ಟು, ಹಳೇ ಕಂಬಗಳ ಬೀದಿಯಲ್ಲಿ ಇನ್ನೊಂದು ಬಂದಾಗ ಆಗುವುದಿಲ್ಲ.

ನೋಟದ ಹಕ್ಕಿಲ್ಲ, ಆದರೂ

ಟೀಕಾಕಾರರು ಇದನ್ನು ‘ನನ್ನ ಮನೆ ಮುಂದೆ ಬೇಡ’ ಎಂಬ ಹಟ ಎಂದು ತಳ್ಳಿಬಿಡುತ್ತಾರೆ. ಸ್ವಲ್ಪ ಹಟ ಇದೆ, ಇಲ್ಲ ಅನ್ನಲಾಗದು. ಇಂಗ್ಲಿಷ್ ಕಾನೂನಿನಲ್ಲಿ ನಮ್ಮ ಕಿಟಕಿಯಿಂದ ಕಾಣುವ ನೋಟದ ಮೇಲೆ ನಮಗೆ ಹಕ್ಕಿಲ್ಲ. ಕಂಬ ಕಣ್ಣಿಗೆ ಚೆನ್ನಾಗಿಲ್ಲ ಎಂಬುದಷ್ಟೇ ವಾದವಾದರೆ ಅದು ಬಹಳ ದೂರ ಹೋಗುವುದಿಲ್ಲ.

ಆದರೆ ದೂರುಗಳಲ್ಲಿ ಗಟ್ಟಿ ವಿಷಯವೂ ಇದೆ. ಕಿರಿದಾದ ಫುಟ್‌ಪಾತ್ ನಡುವೆ ಕಂಬ ಬಂದರೆ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ರಸ್ತೆಗೆ ಇಳಿಯಬೇಕು. ಕಾರು ಹೊರತೆಗೆಯುವ ದಾರಿಯ ಪಕ್ಕದಲ್ಲೇ ನಿಂತರೆ ಬರುವ ವಾಹನ ಕಾಣುವುದಿಲ್ಲ. ಎರಡು ಕಂಪನಿಗಳು ಬೇರೆ ಬೇರೆ ಕಂಬ ನೆಟ್ಟರೆ ಒಂದೇ ತಿರುವಿನಲ್ಲಿ ಎರಡು ಕಂಬ. ಜನಕ್ಕೆ ಅತಿ ಹೆಚ್ಚು ನೋವಾಗುವುದು ಮಾತ್ರ ಇನ್ನೊಂದರಿಂದ: ಯಾರೂ ಕೇಳಲಿಲ್ಲ. ಕೌನ್ಸಿಲ್‌ಗೆ ಫೋನ್ ಮಾಡಿದರೆ ‘ನಮಗೆ ಅಧಿಕಾರ ಇಲ್ಲ’. ಆಫ್‌ಕಾಮ್‌ಗೆ ಬರೆದರೆ ಅದು ನಿಯಮ ಮುರಿದಿದ್ದಾರಾ ಎಂದಷ್ಟೇ ನೋಡುತ್ತದೆ, ಈ ಕಂಬ ಇಲ್ಲಿ ಬೇಕಾ ಎಂದು ನೋಡುವುದಿಲ್ಲ. ಕಂಪನಿಗೆ ಕೇಳಿದರೆ ‘ಕಾನೂನು ಪ್ರಕಾರವೇ ಮಾಡಿದ್ದೇವೆ’. ಮೂರೂ ಉತ್ತರ ನಿಜ. ಮೂರೂ ಸೇರಿದರೆ ಆ ಕಂಬದ ಹೊಣೆ ಯಾರ ಮೇಲೂ ಇಲ್ಲ. ಫುಟ್‌ಪಾತ್ ಮೇಲೆ ಹೋಗಿ ನಿಲ್ಲುವುದು ಬಿಟ್ಟರೆ ಇನ್ನೇನು ಉಳಿಯಿತು, ಅಲ್ವಾ?

ನಿಜವಾದ ಗಂಟು ಹಂಚಿಕೆಯಲ್ಲಿ

ಈ ಇಡೀ ಗಲಾಟೆಯಲ್ಲಿ ಹಲ್ ಯಾಕೆ ಎದ್ದು ಕಾಣುತ್ತದೆ ಎನ್ನುವುದಕ್ಕೆ ಇಲ್ಲಿ ಬರಬೇಕು. ದೇಶದ ಬಹುಭಾಗದಲ್ಲಿ ಹೊಸ ಕಂಪನಿಗಳು ಓಪನ್‌ರೀಚ್‌ನ ಕಂಬ ಮತ್ತು ಕೊಳವೆಗಳನ್ನು ಬಾಡಿಗೆಗೆ ಪಡೆಯಬಹುದು. 2019ರಲ್ಲಿ ಆಫ್‌ಕಾಮ್ ಈ ನಿಯಮವನ್ನು ಮತ್ತಷ್ಟು ವಿಸ್ತರಿಸಿತು. ಹೀಗಾಗಿ ಎಷ್ಟೋ ಊರುಗಳಲ್ಲಿ ಎರಡನೇ ಜಾಲ ಬಂದದ್ದು ಜನರ ಗಮನಕ್ಕೂ ಬರಲಿಲ್ಲ. ಹಳೇ ಕಂಬಕ್ಕೆ ಇನ್ನೊಂದು ಡಬ್ಬಿ, ಹಳೇ ಕೊಳವೆಯಲ್ಲಿ ಇನ್ನೊಂದು ತಂತಿ. ಯಾರೂ ಬೀದಿಗಿಳಿಯಲಿಲ್ಲ.

ಹಲ್‌ನಲ್ಲಿ ಓಪನ್‌ರೀಚ್‌ನ ಆ ಜಾಲವೇ ಇಲ್ಲ. ಕಂಬ, ಕೊಳವೆ ಎಲ್ಲ ಕೆಕಾಮ್‌ನವು. ಓಪನ್‌ರೀಚ್ ಮೇಲೆ ಹೇರಿದ ಬಾಡಿಗೆ ನಿಯಮ ಇಲ್ಲಿ ಅದೇ ರೂಪದಲ್ಲಿ ಇರಲಿಲ್ಲ. ಬೇರೆಯವರ ಸೌಕರ್ಯ ಬಳಸಲು ಕೋರಿಕೆ ಸಲ್ಲಿಸಬಹುದು ಎಂಬ 2016ರ ಸಾಮಾನ್ಯ ನಿಯಮ ಎಲ್ಲೆಡೆ ಅನ್ವಯಿಸುತ್ತದೆ. ಆದರೆ ಅದು ಕೋರಿಕೆ, ಮಾತುಕತೆ, ಬೆಲೆಯ ಚೌಕಾಶಿ, ಒಪ್ಪಿಗೆ ಆಗದಿದ್ದರೆ ಆಫ್‌ಕಾಮ್‌ಗೆ ದೂರು ಎಂಬ ಉದ್ದದ ದಾರಿ. ಹೂಡಿಕೆದಾರರಿಗೆ ತಿಂಗಳ ಲೆಕ್ಕ ಕೊಡಬೇಕಾದ ಕಂಪನಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿ? ಸ್ವಂತ ಕಂಬ ನೆಡಲು ಬೇಕಾದದ್ದು ಬರೀ 28 ದಿನದ ನೋಟಿಸ್. ಕಾನೂನು ಯಾವ ದಾರಿಯನ್ನು ಸಲೀಸು ಮಾಡಿತ್ತೋ ಕಂಪನಿಗಳು ಅದರಲ್ಲೇ ನಡೆದವು. ಕೆಕಾಮ್ ಹಂಚಿಕೊಳ್ಳಲು ಮುಂದೆ ಬರುವ ಹೊತ್ತಿಗೆ ಬಹಳಷ್ಟು ಬೀದಿಗಳಲ್ಲಿ ಕಂಬ ಎದ್ದಾಗಿತ್ತು.

ನನ್ನ ಪ್ರಕಾರ ಇಲ್ಲಿಯೇ ಸರ್ಕಾರ ಎಡವಿದ್ದು. ಸ್ಪರ್ಧೆ ಬೇಕು ಎನ್ನುವುದು ಸರಿ. ಒಂದೇ ಕಂಪನಿಯ ಕೈಯಲ್ಲಿದ್ದ ಹಲ್‌ಗೆ ಅದು ಬೇರೆ ಯಾವ ಊರಿಗಿಂತಲೂ ಹೆಚ್ಚು ಬೇಕಿತ್ತು. ಆದರೆ ಮೊದಲು ಹಂಚಿಕೆಯ ದಾರಿ ತೆರೆದು ಆಮೇಲೆ ಸ್ಪರ್ಧಿಗಳನ್ನು ಬಿಡಬೇಕಿತ್ತು. ಇಲ್ಲಿ ಕ್ರಮ ತಿರುಗುಮುರುಗಾಯಿತು. ಸಾಧ್ಯವಾದಲ್ಲಿ ಇರುವುದನ್ನೇ ಹಂಚಿಕೊಳ್ಳಬೇಕು ಎಂದು ಇಂಥ ಕಂಪನಿಗಳಿಗೆಂದೇ ಮಾಡಿದ 2003ರ ನಿಯಮಗಳಲ್ಲೇ ಬರೆದಿದೆ. ‘ಸಾಧ್ಯವಾದಲ್ಲಿ’ ಎಂದರೆ ಎಷ್ಟು ಬೆಲೆಗೆ, ಎಷ್ಟು ದಿನದಲ್ಲಿ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಹಂಚಿಕೆ ಎಲ್ಲ ಕಡೆ ಸುಲಭ ಎಂದೂ ಅಲ್ಲ. ಹಳೇ ಕಂಬ ಎಷ್ಟು ಭಾರ ತಡೆದೀತು ಎಂದು ಲೆಕ್ಕ ಹಾಕಬೇಕು. ‘ಡಿ’ ತಗಡು ಬಿದ್ದ ಕಂಬವನ್ನು ಮೊದಲು ಬದಲಿಸಬೇಕು. ಮಣ್ಣು ತುಂಬಿದ ಕೊಳವೆ ಬಿಡಿಸಬೇಕು. ಈ ಖರ್ಚು ಯಾರದು ಎನ್ನುವುದರ ಮೇಲೇ ಬಾಡಿಗೆ ಮಾತುಕತೆಗಳು ನಿಂತುಹೋಗುತ್ತವೆ.

ಸಚಿವರ ಪತ್ರ ಏನು ಮಾಡೀತು

ಹಲ್ ಮತ್ತು ಸುತ್ತಲಿನ ಸಂಸದರು ಪಕ್ಷಭೇದವಿಲ್ಲದೆ ಈ ವಿಷಯ ಎತ್ತಿದರು. ಬರಬರುತ್ತಾ ಲ್ಯಾಂಕಾಶೈರ್, ಗ್ರೇಟರ್ ಮ್ಯಾಂಚೆಸ್ಟರ್ ಕಡೆಯಿಂದಲೂ ದೂರು ಬಂತು. 2024ರ ಮಾರ್ಚ್‌ನಲ್ಲಿ ಆಗಿನ ಕನ್ಸರ್ವೇಟಿವ್ ಸರ್ಕಾರದ ಡಿಜಿಟಲ್ ಮೂಲಸೌಕರ್ಯ ಸಚಿವೆ ಜೂಲಿಯಾ ಲೋಪೆಜ್, ಅನಗತ್ಯ ಕಂಬ ನೆಡಬೇಡಿ, ಇರುವುದನ್ನು ಹಂಚಿಕೊಳ್ಳಿ, ಜನರ ಜೊತೆ ಮಾತಾಡಿ ಎಂದು ಕಂಪನಿಗಳಿಗೆ ಹೇಳಿದರು. ಆ ವರ್ಷ ಜುಲೈನಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂತು. ಹೊಸ ಸಚಿವ ಕ್ರಿಸ್ ಬ್ರಯಂಟ್ ಕಂಪನಿಗಳನ್ನು ಕೂರಿಸಿ ಮಾತಾಡಿದರು. ಧಾಟಿ ಅದೇ: ಮೊದಲು ಉದ್ಯಮವೇ ತನ್ನ ಆಚರಣಾ ಸಂಹಿತೆ ತಿದ್ದಿಕೊಳ್ಳಲಿ.

ಎರಡೂ ಪಕ್ಷಗಳು ಯೋಜನಾ ಅನುಮತಿಯನ್ನು ಮರಳಿ ತರಲು ಹಿಂಜರಿದದ್ದಕ್ಕೆ ಕಾರಣ ಇದೆ. ಒಂದೊಂದು ಕಂಬಕ್ಕೂ ಅರ್ಜಿ ಎಂದರೆ ಈಗಾಗಲೇ ಸಿಬ್ಬಂದಿ ಸಾಲದ ಕೌನ್ಸಿಲ್ ಕಚೇರಿಗಳಲ್ಲಿ ಕಡತ ಗುಡ್ಡೆ ಬೀಳುತ್ತದೆ. ಹಲ್‌ನಲ್ಲಿ ಎರಡನೇ ಜಾಲ ತಡೆಯಲು ಮಾಡಿದ ನಿಯಮ, ಇನ್ನೂ ಒಂದೂ ಫೈಬರ್ ಕಾಣದ ಹಳ್ಳಿಗೂ ಅಡ್ಡ ಬರುತ್ತದೆ. ಅಲ್ಲಿ ಕಂಬ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ. ತಾಮ್ರದ ಹಳೇ ಫೋನ್ ವ್ಯವಸ್ಥೆಯನ್ನು 2027ರ ಜನವರಿಯೊಳಗೆ ನಿಲ್ಲಿಸುವ ಗಡುವು ಬೇರೆ ಇದೆ. ಹಾಗಾಗಿ ಪೂರ್ತಿ ಅನುಮತಿ ಪದ್ಧತಿ ಬಂದರೆ ಗೆಲ್ಲುವುದು ಮೊದಲೇ ಜಾಲ ಇರುವ ಕಂಪನಿ. ನಿವಾಸಿಗಳು ಬಯಸದೆಯೇ ಹಳೇ ಏಕಸ್ವಾಮ್ಯಕ್ಕೆ ಬೇಲಿ ಕಟ್ಟಿಕೊಟ್ಟಂತಾಗುತ್ತದೆ.

ಆದರೆ ಸ್ವಂತ ಇಚ್ಛೆಯ ಸಂಹಿತೆಗೆ ಹಲ್ಲಿಲ್ಲ. ಪಾಲಿಸಿದ ಕಂಪನಿ ನಿಧಾನವಾಗುತ್ತದೆ, ಪಾಲಿಸದವನು ಮೊದಲು ಬೀದಿ ಹಿಡಿಯುತ್ತಾನೆ. ನಡುವಿನ ದಾರಿಗಳು ಇಲ್ಲದೇ ಇಲ್ಲ. ಬೀದಿಯಲ್ಲಿ ಆಗಲೇ ಫೈಬರ್ ಇದ್ದರೆ, ಹಂಚಿಕೆಗೆ ಕೇಳಿ ಏನು ಉತ್ತರ ಬಂತು ಎಂಬುದನ್ನು ಹೊಸ ಕಂಬದ ನೋಟಿಸ್ ಜೊತೆಗೇ ಕೊಡಬೇಕು ಎಂದು ಕಡ್ಡಾಯ ಮಾಡಬಹುದು. 28 ದಿನದ ನೋಟಿಸ್ ಕೌನ್ಸಿಲ್ ಮೇಜಿಗೆ ಮಾತ್ರವಲ್ಲ, ಆ ಬೀದಿಯ ಮನೆಗಳ ಬಾಗಿಲಿಗೂ ಹೋಗಬೇಕು ಎನ್ನಬಹುದು. ಇವೆರಡಕ್ಕೂ ದೊಡ್ಡ ಖರ್ಚಿಲ್ಲ.

ಬೆಂಗಳೂರಿನ ಕಣ್ಣಿನಲ್ಲಿ

ಮರದಿಂದ ಮರಕ್ಕೆ, ದೀಪದ ಕಂಬದಿಂದ ಮನೆ ಮಹಡಿಗೆ ಜೋತಾಡುವ ಕೇಬಲ್ ನೋಡಿ ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಶ್ರೀಮಂತರ ಗೊಣಗಾಟ ಎನಿಸಬಹುದು. ನಮ್ಮಲ್ಲಿ ಸಮಸ್ಯೆ ಉಲ್ಟಾ: ಕಂಬ ನೆಡುವ ಗೋಜಿಗೇ ಹೋಗದೆ ತಂತಿ ಎಳೆಯುತ್ತಾರೆ, ಪಾಲಿಕೆಯವರು ಆಗಾಗ ಬಂದು ಕತ್ತರಿಸುತ್ತಾರೆ, ಮಾರನೇ ದಿನ ಮತ್ತೆ ಕಟ್ಟುತ್ತಾರೆ. ಅಲ್ಲಿ ಕಾನೂನು ಪಾಲಿಸಿಯೇ ಕಂಬ ಬರುತ್ತದೆ. ಆದರೂ ಕಾನೂನಿನ ದಿಕ್ಕು ಎರಡೂ ಕಡೆ ಒಂದೇ. 2023ರ ದೂರಸಂಪರ್ಕ ಕಾಯ್ದೆಯಡಿ 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತದ ಹೊಸ ನಿಯಮಗಳಲ್ಲೂ, ಸ್ಥಳೀಯ ಸಂಸ್ಥೆ ಗಡುವಿನೊಳಗೆ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಕ್ಕಂತೆಯೇ. ವೇಗದ ಹೆಸರಿನಲ್ಲಿ ದೇಶದ ರಾಜಧಾನಿಯಲ್ಲಿ ನಿಯಮ ಆಗುತ್ತದೆ, ಬೀದಿಯವರ ಬೈಗುಳ ಮಾತ್ರ ಪಾಲಿಕೆಗೆ.

ಕಂಪನಿ ಮುಳುಗಿದರೆ ಕಂಬದ ಗತಿ?

ಮುಂದೆ ನೋಡಬೇಕಾದದ್ದು ಹೊಸ ಕಂಬಗಳಿಗಿಂತ ಈಗ ನಿಂತಿರುವ ಕಂಬಗಳನ್ನು. ಬಡ್ಡಿ ದರ ಏರಿದ ಮೇಲೆ ಪರ್ಯಾಯ ಕಂಪನಿಗಳ ಲೆಕ್ಕ ತಲೆಕೆಳಗಾಗಿದೆ. ಜಾಲ ಕಟ್ಟಿದಷ್ಟು ವೇಗದಲ್ಲಿ ಗಿರಾಕಿ ಬರಲಿಲ್ಲ. ವಿಲೀನ ಆಗಲೇ ಶುರುವಾಗಿದೆ. ಉತ್ತರ ಇಂಗ್ಲೆಂಡಿನಲ್ಲಿ ಕಂಬ ನೆಟ್ಟು ಸುದ್ದಿಯಾಗಿದ್ದ ಬ್ರಿಸ್ಕ್, 2024ರಲ್ಲಿ ನೆಟಾಮ್ನಿಯಾ ಗುಂಪಿನ ಜೊತೆ ಸೇರಿತು. ಕೇಬಲ್ ಟಿವಿ ಕಂಪನಿಗಳು ಹಿಂದೆ ನಡೆದ ದಾರಿ ಇದು.

ಎರಡು ಜಾಲ ಒಂದೇ ಕೈಗೆ ಬಂದಾಗ ಒಂದೇ ಬೀದಿಯ ಎರಡು ಸಾಲು ಕಂಬಗಳಲ್ಲಿ ಒಂದು ಸಾಲು ಬೇಡವಾಗುತ್ತದೆ. ಕಾನೂನು ಇದನ್ನು ಮರೆತಿಲ್ಲ. ಅಗತ್ಯ ಮುಗಿದ ಸಾಮಾನನ್ನು ಬೇಗನೆ ತೆಗೆದು ಜಾಗ ಸರಿಮಾಡಬೇಕು ಎಂಬ ಷರತ್ತು ಯೋಜನಾ ನಿಯಮದಲ್ಲಿದೆ. ಕಂಪನಿ ದಿವಾಳಿಯಾದರೆ ಬೀದಿ ಸರಿಪಡಿಸುವ ಖರ್ಚು ಕೌನ್ಸಿಲ್ ಮೇಲೆ ಬೀಳದಂತೆ ಮೊದಲೇ ಹಣದ ಭದ್ರತೆ ತೋರಿಸಬೇಕು ಎಂದು 2003ರ ನಿಯಮಗಳು ಹೇಳುತ್ತವೆ. ನಿಯಮ ಚೆನ್ನಾಗಿದೆ. ಆದರೆ ಒಂದೊಂದು ಕಂಬದ ಅಗತ್ಯ ಮುಗಿದಿದೆಯೋ ಇಲ್ಲವೋ ಎಂದು ಮೊದಲು ಹೇಳಬೇಕಾದದ್ದು ಅದರ ಒಡೆಯನಾದ ಕಂಪನಿಯೇ. ತುದಿಯ ಡಬ್ಬಿಯಿಂದ ಒಂದೇ ಒಂದು ಮನೆಗೆ ತಂತಿ ಹೋಗುತ್ತಿದ್ದರೂ ಕಂಬ ಬಳಕೆಯಲ್ಲಿದೆ ಎಂದು ಅದು ಹೇಳಬಹುದು, ಮತ್ತು ಈಗಿನ ನಿಯಮದಲ್ಲಿ ಅದನ್ನು ತಪ್ಪು ಎನ್ನುವುದು ಕಷ್ಟ.